ಬಾಗಿಲಲ್ಲಿ ಬಿಟ್ಟ ಬೂಟು

ಅಕ್ಕ, ಊರು ಬರಿಗಾಲಿನವರು ಎಂದು ಕರೆಯುವ ಸಿಸ್ಟರುಗಳ ಮಠದ ಉಡುಪು ತೊಟ್ಟ ದಿನ ಮೊದಲು ಮದುಮಗಳ ರೇಷ್ಮೆ ಸೀರೆ ಉಟ್ಟಿದ್ದಳು. ಅಲ್ಲಿಯ ಪದ್ಧತಿ ಹಾಗೆ. ಹುಡುಗಿ ಸಿಂಗರಿಸಿಕೊಂಡು ಪೂಜೆಗೆ ಬರಬೇಕು, ಪೂಜೆ ಮುಗಿದ ಮೇಲೆ ಒಳಬಾಗಿಲು ದಾಟಬೇಕು, ಆಮೇಲೆ ಸಾಯುವ ತನಕ ಈಚೆಗೆ ಬರುವಂತಿಲ್ಲ. ಸತ್ತರೂ ಒಳಗೇ ಮಣ್ಣು. ಹೊಸ್ತಿಲಲ್ಲಿ ಅಕ್ಕ ಬಗ್ಗಿ ತನ್ನ ಬಿಳಿ ಬೂಟು ಕಳಚಿ ನಮ್ಮ ಕಡೆಗೆ ಇಟ್ಟಳು, ಬರಿಗಾಲಲ್ಲಿ ಒಳಗೆ ಹೋದಳು. ಒಳಗಿನಿಂದ ಅಗುಳಿ ಬಿತ್ತು. ಅಮ್ಮ ಆ ಬೂಟುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬೋಳಾರದ ನಮ್ಮ ಮನೆಯ ತನಕ ನಡೆದಳು.

ಮರುದಿನ ಜಗಲಿಯಲ್ಲಿ ಅಮ್ಮನ ಚಪ್ಪಲಿ ಇರಲಿಲ್ಲ. ಮೀನಿನವಳಿಗೆ ಕೊಟ್ಟುಬಿಟ್ಟಿದ್ದಳು. ನಮ್ಮ ಓಣಿಯಲ್ಲಿ ಚಪ್ಪಲಿ ಮೆಟ್ಟುವ ಹೆಂಗಸರೇ ಅಪರೂಪ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದುದರಿಂದ ಅಮ್ಮನಿಗೆ ಆ ವೈಭವ ಬಂದಿತ್ತು, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

"ಮಗಳು ಬರಿಗಾಲಲ್ಲಿ ಇದ್ದಾಳೆ. ನನಗೆ ಎಂತಕ್ಕೆ ಚಪ್ಪಲಿ?" ಅಂದಳು.

"ಅವಳಿಗೆ ನುಣ್ಣಗಿನ ನೆಲ ಉಂಟು ಮಾರಾಯ್ತಿ, ನಿನಗೆ ಇರುವುದು ಹಂಚಿನ ಚೂರು," ಅಂದ ಅಪ್ಪ. ಅದು ನಿಜವೇ. ಕಾರ್ಖಾನೆಯ ಒಡೆದ ಹಂಚನ್ನೆಲ್ಲ ನಮ್ಮ ದಾರಿಗೇ ಸುರಿಯುತ್ತಿದ್ದರು. ಅಮ್ಮ ಕೇಳಲಿಲ್ಲ. ದೇವರಿಗೆ ಕೊಟ್ಟದ್ದನ್ನು ಊರಿಗೆ ಹೇಳಿದರೆ ಪುಣ್ಯ ಹೋಗುತ್ತದೆ, ಅಕ್ಕನಿಗೂ ತಿಳಿಸಬಾರದೆಂದು ನಮ್ಮಿಂದ ಮಾತು ತೆಗೆದುಕೊಂಡಳು.

ಅಕ್ಕನಿಗೆ ಹೇಳುವುದೂ ಅಷ್ಟು ಸುಲಭವಿರಲಿಲ್ಲ. ವರ್ಷಕ್ಕೆ ಕೆಲವೇ ಸಲ ಪಾರ್ಲರ್, ಅಂದರೆ ಮಠದ ಭೇಟಿಕೋಣೆಯಲ್ಲಿ ಮಾತು. ನಡುವೆ ಕಬ್ಬಿಣದ ಜಾಲರಿ, ಅದರ ಮೊಳೆಗಳು ನಮ್ಮ ಕಡೆಗೆ ಚಾಚಿಕೊಂಡಿದ್ದವು, ಬಂದವರು ಯಾರೋ ಕಳ್ಳರು ಎಂಬ ಹಾಗೆ. ಜಾಲರಿಯ ಹಿಂದೆ ಕರಿ ಪರದೆ. ಹೆತ್ತವರು, ಒಡಹುಟ್ಟಿದವರು ಬಂದರೆ ಮಾತ್ರ ಅದನ್ನು ಸರಿಸುತ್ತಿದ್ದರು, ಉಳಿದವರಿಗೆ ಬರೀ ಧ್ವನಿ. ಸರಿಸಿದರೂ ಕಾಣುತ್ತಿದ್ದದ್ದು ಅಕ್ಕನ ಮುಖ, ಎರಡು ಕೈ. ಕೆಳಗೆಲ್ಲ ಗೋಡೆ. ಅವಳ ಬೆನ್ನಹಿಂದೆ ಇನ್ನೊಬ್ಬರು ಸಿಸ್ಟರ್ ಕೂತು ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದರು. ಊಟ ಆಯಿತಾ, ಹಲಸಿನಮರ ಕಾಯಿ ಬಿಟ್ಟಿದೆಯಾ ಎಂದು ಕೇಳುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು.

ಅಜ್ಜಿ ಇದ್ದಾಗ ಹೇಳುತ್ತಿದ್ದಳು, ಮೊದಲ ಸಿಸ್ಟರುಗಳು ಯುರೋಪಿನಿಂದ ಹಡಗಿನಲ್ಲಿ ಹೊರಟವರು, ಕೆಲವರು ದಾರಿಯಲ್ಲೇ ತೀರಿಕೊಂಡರು, ಉಳಿದವರು ಇಲ್ಲಿಗೆ ಬಂದು ಇಳಿದು ನೇರ ಗೋಡೆಯ ಒಳಗೆ ಹೋದರು ಎಂದು. ಅಷ್ಟು ದೂರ ಬಂದವರು ನಮ್ಮ ಊರನ್ನೇ ಸರಿಯಾಗಿ ನೋಡಲಿಲ್ಲವಲ್ಲ ಎಂದು ಅವಳಿಗೆ ಬೇಸರ. ಅವರು ಮಾಂಸ ಮುಟ್ಟುವುದಿಲ್ಲ, ಹುಲ್ಲಿನ ಚಾಪೆಯಲ್ಲಿ ಮಲಗುತ್ತಾರೆ, ಮಳೆಗಾಲ ಮುಗಿಯುವಾಗ ಉಪವಾಸ ಹಿಡಿದರೆ ಈಸ್ಟರಿಗೇ ಬಿಡುವುದು. ಊರಿಗೆ ಇದೆಲ್ಲ ಗೊತ್ತಿತ್ತು. ಕಾಲಿನ ವಿಷಯವನ್ನು ಮಾತ್ರ ಯಾರೂ ಕೇಳಿದವರಲ್ಲ. ಬರಿಗಾಲಿನವರು ಅಂದಮೇಲೆ ಕೇಳುವುದೇನು?

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಅಮ್ಮನಿಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು. ಒಂದು ದಿನ ಹಂಚಿನ ಚೂರು ಎಡಗಾಲಿಗೆ ಹೊಕ್ಕಿತು. ಗಾಯ ಮಾಯಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನು ಬರಿಗಾಲಲ್ಲಿ ನಡೆದರೆ ಕಾಲು ಉಳಿಯುವುದಿಲ್ಲ," ಅಂದರು. ಅಮ್ಮ ಬಟ್ಟೆ ಸುತ್ತಿಕೊಂಡು ಮತ್ತೆ ಪೂಜೆಗೆ ನಡೆದಳು. ಬೈದೆ, ಅತ್ತು ಕೇಳಿಕೊಂಡೆ. ಕೊನೆಗೆ ಕೊಟ್ಟ ಮಾತು ಮುರಿದರೂ ಸರಿ, ಅಕ್ಕನ ಬಾಯಿಂದಲೇ ಹೇಳಿಸಬೇಕೆಂದು ಮಠಕ್ಕೆ ಹೋದೆ. ಅವಳು ಹೇಳಿದರೆ ಅಮ್ಮ ಕೇಳಿಯೇ ಕೇಳುತ್ತಿದ್ದಳು.

ಈಸ್ಟರಿಗೆ ಮೊದಲಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗಿತ್ತು. ಗೋಡೆಯಲ್ಲಿ ಪೀಪಾಯಿಯಂಥ ಮರದ ತಿರುಗುಪೆಟ್ಟಿಗೆ ಇದೆ. ಒಳಕ್ಕೂ ಹೊರಕ್ಕೂ ಸಾಮಾನು ದಾಟುವುದು ಅದರಲ್ಲೇ. ಅದರ ಹಿಂದಿನಿಂದ ಒಂದು ಮೆತ್ತಗಿನ ಧ್ವನಿ ಬಂತು.

"ಈಗ ಪಾರ್ಲರ್ ಇಲ್ಲ. ಕಾಗದವೂ ಕೊಡ್ಲಿಕ್ಕಿಲ್ಲ. ಈಸ್ಟರ್ ಆಗ್ಲಿ."

"ಅಮ್ಮನ ಕಾಲಿಗೆ ಗಾಯ ಆಗಿದೆ, ಸಿಸ್ಟರ್."

"ಪಾಪ. ಎಲ್ಲರೂ ಪ್ರಾರ್ಥನೆ ಮಾಡ್ತೇವೆ."

ನಾನೇ ಆ ಪೆಟ್ಟಿಗೆಯೊಳಗೆ ಮುದುಡಿ ಕೂತು ಒಳಕ್ಕೆ ತಿರುಗಿಬಿಡಬೇಕು ಅನ್ನಿಸಿತು. ಅಷ್ಟು ಸಿಟ್ಟು ನನಗೆ ಮತ್ತೆಂದೂ ಬಂದಿಲ್ಲ. ಅವರು ಪ್ರಾರ್ಥನೆ ಮಾಡಿರಬೇಕು, ಸುಳ್ಳು ಹೇಳುವವರಲ್ಲ. ಈಸ್ಟರಿನ ಹಿಂದಿನ ವಾರ ಆಸ್ಪತ್ರೆಯಲ್ಲಿ ಅಮ್ಮನ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.

ಹಬ್ಬ ಕಳೆದ ಮೇಲೆ ಒಬ್ಬಳೇ ಹೋದೆ. ಪರದೆ ಸರಿಯಿತು.

"ಅಮ್ಮ ಎಲ್ಲಿ?" ಅಂದಳು ಅಕ್ಕ.

"ಕಾಲಿನ ಗಾಯ ಜೋರುಂಟು, ನಡೀಲಿಕ್ಕೆ ಆಗೋದಿಲ್ಲ. ನೀನು ಒಳಗೆ ಹೋದ ಮೇಲೆ ಅವಳು ಚಪ್ಪಲಿ ಹಾಕಿದ್ದೇ ಇಲ್ಲ." ಕತ್ತರಿಸಿದ್ದನ್ನು ಹೇಳಲು ಬಾಯಿ ಬರಲಿಲ್ಲ.

ಅಕ್ಕ ನನ್ನನ್ನೇ ನೋಡಿದಳು. "ಎಂತಕ್ಕೆ ಹಾಗೆ? ನಾವು ಹಾಕ್ತೇವಲ್ಲ."

"ಎಂತ ಹಾಕ್ತೀರಿ?"

"ಹಗ್ಗದ ಚಪ್ಪಲಿ. ನಮ್ಮ ಸಿಸ್ಟರುಗಳ ಸಭೆ ಸುರು ಮಾಡಿದ ಮದರ್ ಕಾಲದಲ್ಲಿ ಸ್ಪೇನಿನ ಬಡವರು ಹಾಕ್ತಿದ್ದದ್ದು. ಚರ್ಮದ ಬೂಟು ಬೇಡ, ಇದು ಸಾಕು ಅಂತ ಅವರು ಹೇಳಿದ್ದು. ಇಲ್ಲಿ ಎಲ್ಲರಿಗೂ ಅದನ್ನು ಮಾಡಿ ಕೊಡೋದು ನಾನೇ." ಜಾಲರಿಯ ಹತ್ತಿರ ಬಾಗಿ, "ಅಮ್ಮನಿಗೂ ಮಾಡಿ ಕೊಡ್ತೇನೆ. ನನ್ನ ಅಳತೆಯೇ ಅವಳದ್ದು," ಅಂದಳು. ಗಂಟೆ ಬಾರಿಸಿತು.

ಮುಂದಿನ ವಾರ ತಿರುಗುಪೆಟ್ಟಿಗೆಯಲ್ಲಿ ಒಂದು ಜೊತೆ ಬಂತು. ದಾರಿಯಲ್ಲಿ ಎಲ್ಲಾದರೂ ಎಸೆದುಬಿಡೋಣ ಅಂದುಕೊಂಡೆ. ಅಕ್ಕನ ಕೈಯಿಂದ ಬಂದ ಮೊದಲ ವಸ್ತು ಅದು, ಎಸೆಯಲಾಗಲಿಲ್ಲ. ಅಮ್ಮನ ಮಡಿಲಲ್ಲಿ ಇಟ್ಟೆ. ಅವಳು ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆ ಹೊಲಿಗೆ ಅವಳೇ ಕಲಿಸಿದ್ದು.

"ಅವಳೂ ಇದನ್ನೇ ಹಾಕುವುದಾ?"

"ಹೌದು."

"ಮೊದಲಿನಿಂದಲೂ?"

"ಹೌದಮ್ಮ."

ಎರಡನ್ನೂ ನನ್ನ ಕೈಗೆ ಹಿಂದೆ ಕೊಟ್ಟು ಗೋಡೆಯ ಕಡೆಗೆ ತಿರುಗಿ ಮಲಗಿದಳು. ಸಂಜೆ, ಕಪಾಟಿನಲ್ಲಿರುವ ಬಿಳಿ ಬೂಟು ಮೀನಿನವಳಿಗೆ ಕೊಟ್ಟುಬಿಡು ಅಂದಳು. ಕೊಟ್ಟೆ. ಆಮೇಲೆ ಅವಳು ಪಾರ್ಲರಿಗೆ ಹೋಗಬೇಕೆಂದು ಒಮ್ಮೆಯೂ ಕೇಳಲಿಲ್ಲ, ಅಕ್ಕನ ಸುದ್ದಿಯನ್ನೂ ಎತ್ತಲಿಲ್ಲ. ಆ ಮಳೆಗಾಲದಲ್ಲೇ ತೀರಿಕೊಂಡಳು.

ಸುದ್ದಿ ಹೇಳಲು ನಾನೇ ಹೋದೆ. ಅಕ್ಕ ಅತ್ತಳು, ಶಿಲುಬೆ ಗುರುತು ಮಾಡಿಕೊಂಡಳು. ಹಿಂದಿನ ಸಿಸ್ಟರ್ ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ ಅಕ್ಕ ಕಣ್ಣೊರೆಸಿಕೊಂಡು, "ಚಪ್ಪಲಿ ಸರಿ ಆಗಿತ್ತಾ ಅವಳಿಗೆ?" ಎಂದು ಕೇಳಿದಳು.

ಸರಿ ಆಗಿತ್ತು ಅಂದೆ.