ಬಾಲ್ಕನಿ ಎದುರಿನ ಗಾಜಿನ ಲಿಫ್ಟು

ಗೆಳೆಯರ, ನನ್ನ ಇವತ್ತಿನ ಫಜೀತಿ ಕೇಳ್ರಿ. ಹೊಸಪೇಟ್ಯಾಗ ನಮ್ಮ ಮನಿ ಬಾಲ್ಕನಿ ಎದುರಿಗೇ ಹೊಸಾ ಹೋಟೆಲಿನ ಗಾಜಿನ ಲಿಫ್ಟ್ ಬಂದದ. ಮುಂಜಾನೆ ನಮ್ಮ ಮಾವನೋರು ಬಾಲ್ಕನ್ಯಾಗ ಬರೀ ಮೈಯಾಗ ನಾಮ ಹಚ್ಕೊಳ್ತಾ ನಿಂತಿದ್ರು. ಹಂಪಿ ನೋಡಾಕ ಬಂದ ಮಂದಿ ಲಿಫ್ಟಿನೊಳಗಿಂದ ಅವರ ಫೋಟೋ ಹೊಡ್ಕೊಂಡ್ರು!

ಮಾವನೋರು ಕೆಂಡಾಮಂಡಲ. "ನಮ್ಮ ಮನ್ಯಾಗ ನಮಗ ಪ್ರೈವಸಿ ಇಲ್ಲೇನು? ಆ ಮ್ಯಾನೇಜರನ್ನ ವಿಚಾರಿಸ್ಕೊಂಡು ಬರ್ತೀನಿ" ಅಂತ ಶಲ್ಯ ಹೊದ್ಕೊಂಡು ಹೊಂಟ್ರು.

ಅವರ ಜಗಳ ಜಲ್ದಿ ಮುಗಿಯೋದಲ್ಲ. ಇವತ್ತು ಏಕಾದಶಿ ಬ್ಯಾರೆ, ಮನಿಮಂದಿಗೆಲ್ಲಾ ಉಪವಾಸ. ಇದೇ ಟೈಮು ಅಂತ ನಾನು ಮುಚ್ಚಿಟ್ಟಿದ್ದ ಮಂಡಕ್ಕಿ-ಮಿರ್ಚಿ ತಗೊಂಡೆ. ಒಳಗಿದ್ದ ಅತ್ತೆಯೋರಿಗೆ ವಾಸನಿ ಬಡೀಬಾರ್ದು ಅಂತ ಬಾಲ್ಕನ್ಯಾಗ ಹೋಗಿ ಕುಂತೆ.

ಎರಡನೇ ಮಿರ್ಚಿ ಬಾಯಾಗಿತ್ತು. ಎದುರಿಗೆ ಲಿಫ್ಟ್ ಮ್ಯಾಲ ಬಂತು. ಒಳಗ ಮಾವನೋರು, ಪಕ್ಕದಾಗ ಮ್ಯಾನೇಜರ್! "ಏನ್ ಕಾಣ್ತದ ಅಂತ ನೀವ ನೋಡ್ರಿ ಸ್ವಾಮಿ" ಅಂತ ಅವನೇ ಹತ್ತಿಸಿದ್ನಂತ.

ಮನಿಗೆ ಬಂದ ಮಾವನೋರಿಗೆ ಸಿಟ್ಟೇ ಇಲ್ಲ. "ಲಿಫ್ಟ್ ಇರ್ಲಿ ಬಿಡಮ್ಮಾ, ಮಸ್ತ್ ಮಾಡ್ಯಾರ. ಮಿರ್ಚಿ ತೊಟ್ಟು ಸುದ್ದಾ ಸ್ವಚ್ಛ ಕಾಣ್ತದ."

ಈಗ ಹೋಟೆಲಿಗೆ ಹೋಗಿ ಜಗಳ ತೆಗಿಯೋ ಪಾಳಿ ನಂದು.