ಯಾದೃಚ್ಛಿಕ ಎಂದರೆ ಯಾರ ಇಚ್ಛೆ?

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಉರ್ದುವಿನಲ್ಲಿ ಓದಿ ಬೆಳೆ ಅಂದಾಜಿನ ಗುಮಾಸ್ತನಾಗಿದ್ದ ನನ್ನ ಕೈಗೆ ಕನ್ನಡದ ಸೂಚನಾಪತ್ರವೊಂದು ಬಂತು: 'ತಾಲೂಕು ಸ್ಥಿರ ಪರಿಣಾಮ, ಊರು ಮತ್ತು ಹೊಲ ಯಾದೃಚ್ಛಿಕ ಪರಿಣಾಮ, ಎರಡೂ ಕೂಡಿದರೆ ಮಿಶ್ರ ಮಾದರಿ.' ಮೈಸೂರಿನ ಸಾಹೇಬರು ಬಂದು ಪರೀಕ್ಷೆ ಮಾಡುತ್ತಾರೆ, ಈ ಪದ ತಿಳಿಯದವರ ನೌಕರಿ ಹೋಗುತ್ತದೆ ಎಂದು ಕಚೇರಿಯಲ್ಲಿ ಗುಲ್ಲು.

ನಾನೋ ಮಹಾ ಜಾಣ! ಸ್ಥಿರ ಎಂದರೆ ನಮ್ಮ ಉರ್ದುವಿನ ಮುಕರ್ರರ್, ಮೊದಲೇ ಗೊತ್ತುಮಾಡಿದ್ದು, ಅಲ್ಲಿಗೆ ಮುಗಿಯಿತು. ಯಾದೃಚ್ಛಿಕವನ್ನು ಮುರಿದು ನೋಡಿದರೆ ಬಾಲದಲ್ಲಿ 'ಇಚ್ಛೆ' ಕಂಡಿತು. ಅಂದರೆ ಹೊಲದವರ ಇಚ್ಛೆ! ಎಂಥ ಮರ್ಯಾದಸ್ಥ ಸರ್ಕಾರವಪ್ಪಾ ಎಂದು ಉಬ್ಬಿಹೋದೆ. ಔರಾದ ತಾಲೂಕಿನ ಎರಡು ಊರುಗಳಲ್ಲಿ ರೈತರು ಪ್ರೀತಿಯಿಂದ ತೋರಿಸಿದ ಹೊಲದ ಜೋಳವನ್ನೇ ಕೊಯ್ಸಿ, ತೂಗಿ, ವರದಿ ಕಳಿಸಿಬಿಟ್ಟೆ.

ಮುಂದೆ ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿ. ಅಲ್ಲಿ ಹೊಲದೊಡತಿಯೊಬ್ಬಳಿಗೆ ಕೈಮುಗಿದೆ.

"ನಿಮ್ಮ ಇಚ್ಛಾ ಇದ್ದ ಹೊಲ ತೋರಸ್ರಿ ಅವ್ವಾರ."

"ನನ್ನ ಇಚ್ಛಾ ಕೇಳಿದ್ರ ಹಳ್ಳದ ದಂಡಿದೇ ತೋರಸ್ತೇನಿ. ಕಲ್ಲಹೊಲ ಯಾಕ ತೋರಸ್ಲಿರಿ? ಹಿಂಗ ಕೇಳ್ಕೋತ ಹೋದ್ರ ಜಿಲ್ಲಾ ತುಂಬ ಬಂಗಾರದ ಬೆಳಿ ಅಂತ ಬರಿತೀರಿ. ಚೀಟಿ ಎತ್ರಿ!"

ನಾನು ಬದುವಿನ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬೀದರ, ಭಾಲ್ಕಿ, ಔರಾದ ತಾಲೂಕುಗಳು ನಾವೇ ಹೆಸರು ಹಿಡಿದು ಕೇಳುವಂಥವು, ಅವು ಸ್ಥಿರ. ಊರು, ಹೊಲ ಚೀಟಿಯಲ್ಲಿ ಬಂದಂತೆ, ಇವಲ್ಲದಿದ್ದರೆ ಬೇರೆಯವು. ಅಲ್ಲಿ ತಿಳಿಯಬೇಕಾದದ್ದು ಆ ಒಂದು ಊರಿನ ಸುದ್ದಿಯಲ್ಲ, ಊರಿಂದೂರಿಗೆ ಬೆಳೆ ಎಷ್ಟು ಹೆಚ್ಚುಕಡಿಮೆ ಎಂಬುದು. ಯಾರ ಇಚ್ಛೆಯೂ ಇಲ್ಲದ್ದೇ ಯಾದೃಚ್ಛಿಕ! ಬೀದರದ ಬಸ್ಸಿನಲ್ಲಿ ಒಬ್ಬನೇ ನಗುತ್ತಿದ್ದ ನನ್ನನ್ನು ನೋಡಿ ಪಕ್ಕದವರು ಎದ್ದು ಬೇರೆ ಕಡೆ ಕೂತರು.

ಸಾಹೇಬರ ಪ್ರಶ್ನೆಗಳಿಗೆಲ್ಲ ಪಟಪಟನೆ ಉತ್ತರಿಸಿದೆ. ಶಾಭಾಸ್ ಎಂದರು. ಸುಮ್ಮನಿದ್ದರೆ ನೌಕರಿ ಉಳಿದಂತೆಯೇ. ಆದರೆ ಬಾಯಿ ಕೇಳಲಿಲ್ಲ.

"ಔರಾದದ್ದು ತಪ್ಪದರಿ ಸಾಹೇಬ್ರ. ನಾ ಅವರ ಇಚ್ಛಾ ಕೇಳಿ ಕೊಯ್ಸೇನಿ."

ಸಾಹೇಬರ ಮುಖ ಕೆಂಪಗಾಯಿತು. ಮೆಲ್ಲಗೆ ಕನ್ನಡಕ ತೆಗೆದರು.

"ಆ ಪದ ಹಾಕಿದವನು ನಾನೇ ಕಣ್ರೀ. ನಮ್ಮ ಕಡೆ ಮೂವರು ಹೀಗೇ ಮಾಡಿದ್ದಾರೆ. ಒಬ್ಬರೂ ಬಾಯಿಬಿಟ್ಟಿಲ್ಲ, ನಾನೇ ಹಿಡಿದೆ." ಪತ್ರದಲ್ಲಿ ಆ ಪದ ಹೊಡೆದುಹಾಕಿ 'ಚೀಟಿ ಎತ್ತಿ' ಎಂದು ಬರೆದರು. "ಔರಾದದಲ್ಲಿ ಉಳಿದ ಹೊಲಗಳ ಜೋಳ ಇನ್ನೂ ನಿಂತಿದೆಯೇನ್ರೀ?"

"ನಿಂತದರಿ! ಈಗೇ ಹೋಗ್ತೇನ್ರಿ!"

ಬಸ್ಸು ಹತ್ತಿದ ಮೇಲೆ ನೋಡಿಕೊಂಡೆ, ಚಪ್ಪಲಿ ಕಚೇರಿಯ ಬಾಗಿಲಲ್ಲೇ ಉಳಿದಿದ್ದವು.