ಮಾಲೀಕರ ದನಿ ಮತ್ತು ನಮ್ಮ ಆಪಾ

ಕಚೇರಿಗೆಲ್ಲ ಅಕ್ಕನಾಗಿದ್ದ ಆಪಾರ ಬಲಗಿವಿಯಲ್ಲಿ ಮಾತ್ರ ಓಲೆ ಇರುತ್ತಿತ್ತು. ಎಡಗಿವಿ ಬರಿದು. ಬದುಕಿನ ಬಹುಪಾಲು ದೂರವಾಣಿ ಕೇಂದ್ರದಲ್ಲಿ ಆ ಕಿವಿಗೆ ರಿಸೀವರ್ ಒತ್ತಿಕೊಂಡು ಕೂತವರು. ಓಲೆ ಚುಚ್ಚುತ್ತದೆಂದು ಒಂದು ದಿನ ತೆಗೆದಿಟ್ಟರಂತೆ, ಮತ್ತೆ ಹಾಕಿಕೊಳ್ಳಲೇ ಇಲ್ಲ. ಸ್ವಯಂ ನಿವೃತ್ತಿ ತೆಗೆದುಕೊಂಡು ಟಿಕೋಟಾ ರಸ್ತೆಯ ನಮ್ಮ ಒಣದ್ರಾಕ್ಷಿ (ಇಲ್ಲಿನವರ ಬಾಯಲ್ಲಿ ಮಣೂಕ) ಕಂಪನಿಗೆ ಬಂದ ಮೇಲೂ ಹಾಗೆಯೇ. ಕಚೇರಿಗೆ ಹೊಸದಾಗಿ ಬಂದವರು, "ಆಪಾ, ನಿಮ್ಮ ಓಲಿ ಬಿದ್ದೈತ್ರಿ!" ಎಂದು ಗಾಬರಿಯಾಗಿ ಮೇಜಿನ ಕೆಳಗೆಲ್ಲ ಹುಡುಕುತ್ತಿದ್ದರು. ಆಪಾ ಹುಡುಕಲು ಬಿಡುತ್ತಿದ್ದರು. ಅವರ ಮೊಣಕಾಲು ಸಾಕಷ್ಟು ಧೂಳಾದ ಮೇಲೆ, "ಏಳು ಏಳು, ಅದು ಮನ್ಯಾಗ ಐತಿ" ಅನ್ನುತ್ತಿದ್ದರು. ನಾನೂ ಹಾಗೆ ಹುಡುಕಿದವಳೇ.

ಮಗಳನ್ನು ಅಂಗನವಾಡಿಗೆ ಸೇರಿಸಿದ ವರ್ಷ ನಾನು ಆ ಕೆಲಸಕ್ಕೆ ಸೇರಿದೆ. ಕಂಪನಿಯ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ನನ್ನ ಮೇಲಿನವರು ಆಪಾ. ಗಿರಾಕಿಗಳ ದೂರು, ಪತ್ರಿಕೆಯವರ ಕರೆ, ಬೆದರಿಕೆ, ಬೈಗುಳ, ಹೊಗಳಿಕೆ ಎಲ್ಲವೂ ಅವರ ಮೇಜು ದಾಟಿಯೇ ಮಾಲೀಕರನ್ನು ಮುಟ್ಟಬೇಕು. ಟೈಪು ಮಾಡುವಾಗ ಒಂದೇ ಬೆರಳು, ಸಾಲಿಗೊಂದು ತಪ್ಪು. ಧ್ವನಿ ಸಂದೇಶ ಕಳಿಸುವವರನ್ನು ಕಂಡರೆ ಆಗದು: "ಮಾತಾಡೋದಿದ್ರ ಫೋನ್ ಹಚ್ಚಬೇಕು. ಇದೇನಿದು, ಮಾತು ಒಗದು ಓಡಿ ಹೋಗೋದು!" ಮಧ್ಯಾಹ್ನ ರೊಟ್ಟಿ ಉಂಡಾದ ಮೇಲೆ ಮೇಜಿಗೆ ತಲೆಯಾನಿಸಿ ಸಣ್ಣ ನಿದ್ದೆ ತೆಗೆಯುವಾಗ ಜಿಲ್ಲಾಧಿಕಾರಿಗಳ ಕರೆ ಬಂದರೂ ಯಾರೂ ಎಬ್ಬಿಸುವಂತಿರಲಿಲ್ಲ.

ನಾನೋ, ಯಾರಾದರೂ ಪುಟದಲ್ಲಿ ಒಂದು ಕೆಟ್ಟ ಮಾತು ಬರೆದರೆ ಅನ್ನ ಸೇರದವಳು. ಮೊದಲ ವಾರವೇ ಅತ್ತೆ. ಆಪಾ ನನ್ನ ಕೈಯಿಂದ ಫೋನು ತೆಗೆದುಕೊಂಡು, ರೈಲು ನಿಲ್ದಾಣದಲ್ಲಿ ಗಾಡಿ ಬರುವುದನ್ನು ಸಾರುವ ದನಿಯಲ್ಲಿ ಇಡೀ ಕಚೇರಿಗೆ ಕೇಳುವಂತೆ ಓದಿದರು: "ಇಂವ ಅಂತಾನ, ನಿಮ್ಮ ಮಾಲೀಕ ಹೇರು ಹೊರೋ ಕತ್ತಿ. ಮುಂದಿನದು. ಇಕಿ ಅಂತಾಳ, ನಿಮ್ಮ ಮಣೂಕ ಆಡಿನ ಹಿಕ್ಕಿ. ಮುಂದಿನದು." ಅತ್ತಿದ್ದ ಕಣ್ಣಲ್ಲೇ ನಗು ಬಂತು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರು:

"ಕೇಳಿಲ್ಲೆ. ಬೈಯೋರು ಮೂರು ನಮೂನಿ. ನೋವಾದವ್ರು, ಸುದ್ದಿ ಕೇಳಿದವ್ರು, ಕೂಲಿ ತಗೊಂಡವ್ರು. ನೋವಾದವ್ರ ಮನಿಗೆ ಹೋಗಬೇಕು. ಸುದ್ದಿ ಕೇಳಿದವ್ರಿಗೆ ಖರೆ ಹೇಳಬೇಕು. ಕೂಲಿಯವ್ರನ್ನ ಪೊಲೀಸರಿಗೆ ಬಿಡಬೇಕು. ಇವ್ರನ್ನ ಅವ್ರು, ಅವ್ರನ್ನ ಇವ್ರು ಅಂತ ತಿಳಿದಿ, ಕೆಟ್ಟಿ."

ಆ 'ಹಿಕ್ಕಿ' ಎಂದು ಬರೆದಾಕೆ ಮೊದಲ ನಮೂನೆಯವಳು. ಪೊಟ್ಟಣದಲ್ಲಿ ಹರಳು ಸಿಕ್ಕು ಅವಳ ಅತ್ತೆಯ ಹಲ್ಲು ಮುರಿದಿತ್ತು. ಆಪಾ ಅಂದೇ ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಭೂತನಾಳದ ಅವಳ ಮನೆಗೆ ಹೋದರು. ಅರ್ಧ ತಾಸು ಬೈಸಿಕೊಂಡರು. ಆಮೇಲೆ ಚಹಾ ಬಂತು. ಮರಳಿ ಬಂದವರೇ ಸೋಸುವ ಯಂತ್ರದ ಜರಡಿ ಬದಲಾಯಿಸುವ ತನಕ ಮಾಲೀಕರನ್ನು ಕೂರಗೊಡಲಿಲ್ಲ.

ಇನ್ನು ಮಾಲೀಕರ ವಿಷಯ. ನಲವತ್ತು ದಾಟಿರದ ಮನುಷ್ಯ. ತಂದೆ ತೀರಿದ ಮೇಲೆ ಕಂಪನಿ ವಹಿಸಿಕೊಂಡವರು. ಟಿಕೋಟಾ, ಬಬಲೇಶ್ವರದ ಬೆಳೆಗಾರರಿಗೆ ಒಳ್ಳೆಯ ದರ ಕೊಡುತ್ತಿದ್ದರು. ಆದರೆ ಮಾತಿಲ್ಲ. ಸಭೆಯಲ್ಲಿ ಕೈಮುಗಿದು ಕೂರುವುದು, ತೋಟಕ್ಕೆ ಹೋದರೆ ತಲೆಯಾಡಿಸಿ ಬರುವುದು. "ಸೊಕ್ಕಿನ ಸಾವ್ಕಾರ" ಎಂದು ಹೆಸರಾಗಿತ್ತು. ನಿಜವೇನೆಂದರೆ ಅವರಿಗೆ ಉಗ್ಗು. ಚಿಕ್ಕಂದಿನಲ್ಲಿ ಸಾಲೆಯ ವೇದಿಕೆಯ ಮೇಲೆ ಎಲ್ಲರೂ ನಕ್ಕ ದಿನದಿಂದ ಹೊರಗಿನವರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಮನೆಯವರಿಗೆ ಗೊತ್ತು, ಕಚೇರಿಯ ನಮ್ಮ ಕೆಲವರಿಗೆ ಗೊತ್ತು. ಅವರ ಬದಲು ಫೋನು ಎತ್ತುವುದು, ಸಂದರ್ಶನ ಕೇಳಿದವರನ್ನು ಸಾಗಹಾಕುವುದು, ಅವರ ಗುಟ್ಟು ಕಾಯುವುದು ಎಲ್ಲವೂ ಆಪಾ.

ದ್ರಾಕ್ಷಿ ಕೊಯ್ಲಿನ ನಡುವೆ ಒಂದು ಮುಂಜಾನೆ ಎಲ್ಲರ ವಾಟ್ಸಾಪಿಗೂ ಒಂದು ಆಡಿಯೊ ಬಂತು. ನಮ್ಮ ಮಾಲೀಕರದೇ ದನಿ, ಅನುಮಾನವೇ ಇಲ್ಲ. "ಈ ರೈತರ ಹಣೆಬಾರಾ ನನ್ನ ಕೈಯಾಗ ಐತಿ. ಅರ್ಧ ರೇಟ್ ಕೊಟ್ರೂ ನಾಯಿ ಹಂಗ ಬಾಲಾ ಅಳ್ಳಾಡಿಸ್ಕೋಂತ ಬರ್ತಾವ." ನೀರು ಸುರಿದಂತೆ ಸರಾಗ ಮಾತು. ಕೇಳಿದೊಡನೆ ನಮಗೆ ತಿಳಿಯಿತು, ಇದು ಕಂಪ್ಯೂಟರಿನಲ್ಲಿ ಕಟ್ಟಿದ ದನಿ. ಮಠದ ಭಜನೆಯಲ್ಲಿ ಮಾಲೀಕರು ಹಾಡಿದ ವಿಡಿಯೊ ಒಂದು ಊರೆಲ್ಲ ಓಡಾಡಿತ್ತು. ಹಾಡುವಾಗ ಅವರಿಗೆ ಉಗ್ಗು ಬರುತ್ತಿರಲಿಲ್ಲ. ಅಲ್ಲಿಂದ ದನಿ ಕದ್ದಿದ್ದರು. ಆದರೆ ಅದು ನಮಗೆ ಗೊತ್ತು, ಊರಿಗೇನು ಗೊತ್ತು?

ಮಧ್ಯಾಹ್ನದೊಳಗೆ ಪುಟ ಬೈಗುಳದಲ್ಲಿ ಮುಳುಗಿತು. ಬಬಲೇಶ್ವರದ ಹತ್ತಿರ ನಮ್ಮ ಟೆಂಪೊ ತಡೆದು ಪೊಟ್ಟಣಗಳನ್ನು ರಸ್ತೆಗೆ ಸುರಿದರು. ನಗರದ ಅಂಗಡಿಗಳಲ್ಲಿ ನಮ್ಮ ಮಾಲು ಒಳಗೆ ಸರಿಯಿತು. ಯಾರೋ ಜಲನಗರದ ಮಾಲೀಕರ ಮನೆಯ ಗೇಟಿನ ಫೋಟೊ ಹಾಕಿ, 'ಕೈ ಕಾಲು ಮುರಿಯೋಣ ಬರ್ರಿ' ಎಂದು ಬರೆದರು. ಒಂದು ಕಲ್ಲೂ ಬಿತ್ತು.

ವಕೀಲರು, ಹುಬ್ಬಳ್ಳಿಯ ಪ್ರಚಾರ ಸಂಸ್ಥೆಯವರು ಎಲ್ಲರೂ ಫೋನಿನಲ್ಲಿ ಒಂದೇ ಮಾತು: ಕಮೆಂಟು ಮುಚ್ಚಿ, ಹೇಳಿಕೆ ಬಿಡುಗಡೆ ಮಾಡಿ, ಮಾಲೀಕರನ್ನು ಹೊರಗೆ ಬಿಡಬೇಡಿ. ಆಪಾ ಕೇಳಿಸಿಕೊಂಡರು. "ಹೆಸರು ಆಮ್ಯಾಲ ನೋಡೂಣು. ಮೊದಲ ಮಂದಿ," ಎಂದು ಎದ್ದರು. ಮಾಲೀಕರ ತಾಯಿ, ಹೆಂಡತಿ, ಮಕ್ಕಳನ್ನು ಜೋರಾಪುರ ಪೇಟೆಯ ತಮ್ಮ ಮನೆಗೆ ಕರೆದೊಯ್ದು ಕೂರಿಸಿದರು. ಆ ಓಣಿಯಲ್ಲಿ ಆಪಾರನ್ನು ಕೇಳದೆ ಬೆಕ್ಕೂ ನುಗ್ಗುವುದಿಲ್ಲ. ಬೆದರಿಕೆಗಳ ಚಿತ್ರ ನಾನು ಅಳಿಸಿಹೋಗುವ ಮೊದಲೇ ಉಳಿಸಿಟ್ಟಿದ್ದೆ. ಅವನ್ನು ಪೊಲೀಸರಿಗೆ ಒಪ್ಪಿಸಿದೆವು. ಜಲನಗರದ ಗೇಟಿಗೆ ಇಬ್ಬರು ಪೇದೆಗಳು ಬಂದರು. ಆಮೇಲೆ ಆಪಾ ಮಾಲೀಕರ ಕೋಣೆಗೆ ಬಂದು ಎದುರು ಕೂತರು. ನಾನೂ ಇದ್ದೆ.

"ನಾಳೆ ಬಬಲೇಶ್ವರದಾಗ ಬೆಳೆಗಾರ್ರು ಕೂಡಾಕತ್ಯಾರ. ನಮಗ ಮಾಲು ಕೊಡೋದು ಬಂದ್ ಅಂತ ಠರಾವು ಮಾಡ್ತಾರ. ನೀವು ಹೋಗಿ ಮಾತಾಡ್ರಿ."

ಮಾಲೀಕರ ಮುಖ ಬಿಳಿಚಿತು. "ನಾ... ನಾ... ನಾ ಒಲ್ಲೆ ಆಪಾ. ನೀ... ನೀವ ಮಾತಾಡ್ರಿ. ಮಂ... ಮಂದಿ ನಗ್ತಾರ."

"ನಗಲಿ ಬಿಡ್ರಿ. ನಗೋ ಮಂದಿ ಕಲ್ಲ ಒಗ್ಯಾಂಗಿಲ್ಲ."

ಮಾಲೀಕರು ತಲೆ ತಗ್ಗಿಸಿದರು. ಆಪಾರ ದನಿ ಇಳಿಯಿತು. ಅವರು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ತಪ್ಪು ನಂದೂ ಐತ್ರಿ ಸಾವ್ಕಾರ್ರ. ಇಷ್ಟು ವರ್ಷ ನಿಮ್ಮನ್ನ ಕಾಯತೀನಿ ಅಂತ ಮುಚ್ಚಿಟ್ಟೆ. ಮಂದಿ ನಿಮ್ಮ ಹಾಡು ಕೇಳ್ಯಾರ, ಮಾತು ಕೇಳಿಲ್ಲ. ಅದಕ್ಕ ಯಾವನೋ ಒಂದು ದನಿ ಮಾಡಿ ಕೊಟ್ಟ, ಇದ ಅಂವಂದು ಅಂತ ನಂಬಿದ್ರು. ಈಗ ನಿಮ್ಮದನ್ನ ನೀವ ಕೊಡಬೇಕು. ನಾ ಬಾಜೂಕ ನಿಂತಿರ್ತೀನಿ."

ಮಾಲೀಕರು ಮೇಜಿನ ಮೇಲಿದ್ದ ಕಾಗದಗಳನ್ನು ಒಂದೊಂದಾಗಿ ಜೋಡಿಸಿದರು. ಕೊನೆಗೆ, "ಗಾ... ಗಾಡಿ ತಗೀರಿ ಮುಂಜಾನೆ," ಅಂದರು.

ಮರುದಿನ ಬಬಲೇಶ್ವರದ ತಗಡಿನ ಶೆಡ್ಡು ತುಂಬಿ ಹೊರಗೂ ಜನ. ನಾವು ಇಳಿದಾಗ ಹುಯ್ಯೆಂದರು. ಇಬ್ಬರು ಪೊಲೀಸರು ಮುಂದೆ ನಡೆದರು. ನಾನು ಫೋನು ಎತ್ತಿ ಕಂಪನಿಯ ಪುಟದಲ್ಲಿ ನೇರ ಪ್ರಸಾರ ಶುರುಮಾಡಿದೆ. ಮಾಲೀಕರು ಮೈಕು ಹಿಡಿದರು.

"ನ... ನ... ನಮಸ್ಕಾರ್ರಿ. ನಾ... ನಾನು ನಿಮ್ಮ ದ್... ದ್... ದ್..."

ದ್ರಾಕ್ಷಿ ಎಂಬ ಮಾತು ಹೊರಬರಲೇ ಇಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ಮಾಲೀಕರ ಕತ್ತಿನ ನರ ಉಬ್ಬಿತು, ಕಣ್ಣು ಮುಚ್ಚಿತು. ನಾನು ಆಪಾರನ್ನು ನೋಡಿದೆ. ಈಗ ಮೈಕು ತೆಗೆದುಕೊಂಡುಬಿಡುತ್ತಾರೆ ಅನಿಸಿತು. ಅವರು ಕೈಕಟ್ಟಿ ನಿಂತೇ ಇದ್ದರು. ಮುಂದಿನ ಸಾಲಿನಲ್ಲಿ ರುಮಾಲು ಸುತ್ತಿದ ಹಿರಿಯ ಬೆಳೆಗಾರರೊಬ್ಬರು ತಿರುಗಿ ಗದರಿದರು, "ನಗಬ್ಯಾಡ್ರಲೇ! ಆಡೂ ಮನುಷ್ಯಾ ಆಡಲಿ."

ಮಾಲೀಕರು ಆಡಿದರು. ಉಗ್ಗುತ್ತ, ನಿಲ್ಲುತ್ತ, ಬೆವರುತ್ತ ಆಡಿದರು. ಸೊಕ್ಕಿನಿಂದ ಸುಮ್ಮನಿರಲಿಲ್ಲ, ನಾಚಿಕೆಯಿಂದ ಸುಮ್ಮನಿದ್ದೆ ಎಂದರು. ದರ ಕಳೆದ ವರ್ಷಕ್ಕಿಂತ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ ಎಂದರು. ಆಗ ಆಪಾ, ಎಲ್ಲರಿಗಿಂತ ಜೋರಾಗಿ ಕೂಗಿದ್ದ ತರುಣ ಬೆಳೆಗಾರನೊಬ್ಬನಿಗೆ ಬೆರಳು ತೋರಿಸಿದರು.

"ತಮ್ಮಾ, ನಿನ್ನ ಫೋನಿನ್ಯಾಗ ಅದು ಐತೆಲ್ಲ? ಮೈಕಿಗೆ ಹಿಡಿ. ಎಲ್ಲಾರೂ ಕೇಳ್ಲಿ."

ಅವನು ಅನುಮಾನಿಸುತ್ತ ಬಂದು ಹಿಡಿದ. ಶೆಡ್ಡಿನ ತುಂಬ ಆ ನಯವಾದ ದನಿ ಒಂದು ಕಡೆಯೂ ತಡವರಿಸದೆ ಹರಿಯಿತು. ಕೇಳುತ್ತ ಕೇಳುತ್ತ ಆ ಹುಡುಗನ ಬಾಯಿ ತೆರೆದೇ ಉಳಿಯಿತು. ಅವನು ಫೋನನ್ನೂ ಮಾಲೀಕರನ್ನೂ ಬದಲಿ ಬದಲಿ ನೋಡಿದ. ಆಮೇಲೆ ಆ ರುಮಾಲಿನ ಹಿರಿಯರೇ ಎದ್ದು ನಿಂತು ಕೂಗಿದರು:

"ಯಪ್ಪಾ! ಇಷ್ಟು ಚಂದ ಮಾತಾಡಾಕ ಬಂದಿದ್ರ ಇಂವ ಮಣೂಕ ಯಾಕ ಮಾರತಿದ್ದಾ, ಎಲೆಕ್ಷನ್ನಿಗೆ ನಿಂದರತಿದ್ದಾ!"

ತಗಡು ಹಾರಿಹೋಗುವಂತೆ ಶೆಡ್ಡು ನಕ್ಕಿತು. ಮಾಲೀಕರೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆ ತರುಣನೇ ಅವರ ಕೈ ಹಿಡಿದು, "ತಪ್ಪಾತ್ರಿ ಸಾವ್ಕಾರ್ರ. ನಾನ ನಾಕು ಗ್ರೂಪಿಗೆ ಕಳಿಸೀನಿ. ಈಗ ಇದನ್ನೂ ಕಳಸ್ತೀನಿ," ಅಂದ. ಕಳಿಸಿದ. ಸಂಜೆಯಷ್ಟರಲ್ಲಿ ಸುಳ್ಳು ದನಿ ಹೋದ ಕಡೆಗೆಲ್ಲ ನಿಜದ ದನಿ ಹೋಗಿ ಮುಟ್ಟಿತ್ತು. ಠರಾವು ಆಗಲೇ ಇಲ್ಲ. ದ್ರಾಕ್ಷಿಯ ಕ್ರೇಟುಗಳು ಎಂದಿನಂತೆ ಬಂದವು. ಕೆಲ ವಾರಗಳಲ್ಲಿ ಸೈಬರ್ ಪೊಲೀಸರು ಮೂಲ ಹಿಡಿದರು: ಹಳೆ ಮಾಲು ಬೆರೆಸಿದ್ದಕ್ಕೆ ನಮ್ಮ ಕಂಪನಿ ಕೈಬಿಟ್ಟಿದ್ದ ಒಬ್ಬ ದಲ್ಲಾಳಿ. ಬೇರೊಬ್ಬ ವ್ಯಾಪಾರಿಯಿಂದ ಹಣ ಪಡೆದು ಮಾಡಿಸಿದ್ದನಂತೆ. ಆಪಾ ಸುದ್ದಿ ಕೇಳಿ, "ಮೂರನೇ ನಮೂನಿ," ಎಂದು ನಿದ್ದೆಗೆ ತಲೆಯಾನಿಸಿದರು.

ನನ್ನನ್ನು ಕಾಡಿದ್ದು ಗೆಲುವಿಗಿಂತ ಆಪಾ ಕೈಕಟ್ಟಿ ನಿಂತ ಆ ಗಳಿಗೆ. ವಾಪಸು ಬರುವಾಗ ಜೀಪಿನಲ್ಲಿ ಕೇಳಿದೆ, "ಸಾವ್ಕಾರ್ರ ಮಾತು ನಿಂತಾಗ ನೀವ್ಯಾಕ ಮೈಕ್ ತಗೊಳ್ಳಿಲ್ರಿ?"

"ನನ್ನ ಕೈ ಕೇಳಾಕತ್ತಿದ್ದಿಲ್ಲ ಬೇ, ಎರಡ ಸಲ ಮುಂದ ಹೋತು. ಅದಕ್ಕ ಕಟಗೊಂಡು ನಿಂತೆ," ಅಂದರು.

ಆಪಾ ಈಗ ಕೆಲಸ ಬಿಟ್ಟು ಜೋರಾಪುರ ಪೇಟೆಯಲ್ಲಿ ಮೊಮ್ಮಕ್ಕಳ ಮೇಲೆ ಅಧಿಕಾರ ನಡೆಸುತ್ತಿದ್ದಾರೆ. ಅವರ ಬೀಳ್ಕೊಡುಗೆಗೆ ಮಾಲೀಕರು ಭಾಷಣ ಮಾಡಿದರು. ಉದ್ದದ ಭಾಷಣ. ಯಾರೂ ಗಡಿಯಾರ ನೋಡಲಿಲ್ಲ.

ಈ ಬೇಸಿಗೆಯಲ್ಲಿ ಬಬಲೇಶ್ವರದ ಕಡೆ ಹೆಣ್ಣುಮಕ್ಕಳೇ ನಡೆಸುವ ಹಾಲಿನ ಸಂಘವೊಂದರ ಅಧ್ಯಕ್ಷೆಯ ಫೋಟೊ ತಿದ್ದಿ ಯಾರೋ ಅಸಹ್ಯವಾಗಿ ಹರಡಿದರು. ಸಂಘದವರು ಆಪಾರಿಗೆ ಫೋನು ಮಾಡಿದರೆ, "ನಾ ಯಾಕ? ನಾ ಕಲಿಸಿದಾಕಿ ಅದಾಳ," ಎಂದು ನನ್ನ ನಂಬರು ಕೊಟ್ಟಿದ್ದರು. ಹೋದೆ. ಮನೆ ಬಾಗಿಲು ಹಾಕಿಕೊಂಡು ಕೂತಿದ್ದ ಆ ಅಧ್ಯಕ್ಷೆಯ ಪಕ್ಕ ಮೊದಲು ಕೂತೆ, ಆಮೇಲೆ ಫೋನು ಕೈಗೆ ತೆಗೆದುಕೊಂಡೆ. ದೂರು ಕೊಟ್ಟೆವು, ಫೋಟೊ ತೆಗೆಸಿಹಾಕಿದೆವು. ನಾಲ್ಕನೆಯ ದಿನ ಆಕೆ ಬೆಳಗಿನ ಹಾಲು ಅಳೆಯುವಲ್ಲಿ ತಾನೇ ಬಂದು ಕೂತಳು. ಸುತ್ತಲಿನ ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರು.

ಅಲ್ಲಿಂದಲೇ ಆಪಾರಿಗೆ ಫೋನು ಹಚ್ಚಿದೆ.

"ಏನಾತು?"

"ಗೆದ್ವಿ ಆಪಾ."

"ಅಳಲಿಲ್ಲ ಹೌದಿಲ್ಲೊ?"

"ಇಲ್ಲ."

"ಶಾಬಾಶ್. ನಾಷ್ಟಾ ಮಾಡು ಮೊದಲ," ಎಂದು ಫೋನು ಇಟ್ಟರು. ನಾನು ಬಬಲೇಶ್ವರದ ಆ ಬಿಸಿಲಿನಲ್ಲಿ ಒಬ್ಬಳೇ ನಿಂತು, ಹೇಳಬೇಕೆಂದುಕೊಂಡ ಕೃತಜ್ಞತೆಯ ಮಾತನ್ನು ಬಾಯಲ್ಲೇ ಉಳಿಸಿಕೊಂಡು, ಇಡ್ಲಿ ಅಂಗಡಿಯ ಕಡೆ ನಡೆದೆ.